ಗೃಹಶುಶ್ರೂಷೆಯ ಗುಣಮಾಪನ: ಅಮೆರಿಕದ ನಕ್ಷತ್ರಾಂಕ ಪದ್ಧತಿಯ ವಿಮರ್ಶೆ

ಆಸ್ಪತ್ರೆಯಲ್ಲಿರುವ ರೋಗಿಗೆ ದೊರೆಯುವ ಶುಶ್ರೂಷೆಯನ್ನು ಹಲವರು ನೋಡುತ್ತಿರುತ್ತಾರೆ. ಅದೇ ರೋಗಿಯು ಮನೆಗೆ ಮರಳಿ, ದಾದಿಯು ವಾರಕ್ಕೆ ಒಂದೆರಡು ಬಾರಿ ಬಂದುಹೋಗುವ ಏರ್ಪಾಡಾದಾಗ, ಶುಶ್ರೂಷೆಯು ನಾಲ್ಕು ಗೋಡೆಗಳ ನಡುವೆ ಮರೆಯಾಗುತ್ತದೆ. ಅದು ಉತ್ತಮವೋ ಅಲ್ಲವೋ, ಅಪಾಯವಿಲ್ಲದಂತೆ ಸಾಗುತ್ತಿದೆಯೋ ಇಲ್ಲವೋ ಎಂಬುದನ್ನು ಹೊರಗಿನವರು ಅರಿಯುವ ಬಗೆ ಯಾವುದು? ಈ ಪ್ರಶ್ನೆಗೆ ವಿಸ್ತಾರವಾದ ಉತ್ತರವನ್ನು ಕೊಡಲು ಯತ್ನಿಸಿರುವ ದೇಶಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವೂ ಒಂದು. ಆ ಉತ್ತರದ ಬಲಾಬಲಗಳನ್ನು ನಾವು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಅಮೆರಿಕದಲ್ಲಿ ಗೃಹಶುಶ್ರೂಷೆಯ ಪರಂಪರೆ ಹಳೆಯದು. ಲಿಲಿಯನ್ ವಾಲ್ಡ್ ಎಂಬಾಕೆ 1893ರಲ್ಲಿ ನ್ಯೂಯಾರ್ಕಿನ ಬಡವರ ಮನೆಗಳಿಗೆ ಹೋಗಿ ಶುಶ್ರೂಷೆ ಮಾಡುವ ಕಾರ್ಯವನ್ನು ಆರಂಭಿಸಿದಳು. 1965ರಲ್ಲಿ ವೃದ್ಧರಿಗಾಗಿ ಮೆಡಿಕೇರ್ ಎಂಬ ಸರ್ಕಾರಿ ವಿಮೆಯ ಶಾಸನವಾದ ಮೇಲೆ ಈ ಸೇವೆಗೆ ಸರ್ಕಾರದ ಹಣ ದೊರೆಯಿತು. ಹಣ ಬಂದಲ್ಲಿ ಲೆಕ್ಕವೂ ಬರಬೇಕಷ್ಟೆ. ಮರುವರ್ಷ, 1966ರಲ್ಲಿ, ಅವೆಡಿಸ್ ಡೊನಾಬೆಡಿಯನ್ ಎಂಬ ವಿದ್ವಾಂಸರು ವೈದ್ಯಸೇವೆಯ ಗುಣವನ್ನು ಅಳೆಯುವ ಬಗೆಯನ್ನು ಕುರಿತು ಪ್ರಸಿದ್ಧವಾದ ಪ್ರಬಂಧವೊಂದನ್ನು ಪ್ರಕಟಿಸಿ, ಸಾಧನಸಂಪತ್ತು, ಕಾರ್ಯವಿಧಾನ, ಫಲ ಎಂಬ ಮೂರು ನೆಲೆಗಳನ್ನು ಗುರುತಿಸಿದರು. ಈ ವಿಂಗಡಣೆಯೇ ಮುಂದಿನ ಮಾಪನಗಳಿಗೆಲ್ಲ ತಳಹದಿಯಾಯಿತೆನ್ನಬಹುದು. 1999ರಲ್ಲಿ 'ಓಯಸಿಸ್' ಎಂಬ ಸಂಕ್ಷಿಪ್ತನಾಮದ ಪ್ರಶ್ನಾವಳಿ ಕಡ್ಡಾಯವಾಯಿತು. 2003ರಲ್ಲಿ ಅದರಿಂದ ಬಂದ ಅಂಕಗಳನ್ನು ಜನರ ಮುಂದಿಡಲಾಯಿತು. 2015ರಲ್ಲಿ ಪ್ರತಿಯೊಂದು ಸಂಸ್ಥೆಗೂ ಒಂದರಿಂದ ಐದರವರೆಗೆ ನಕ್ಷತ್ರಗಳನ್ನು ಕೊಡುವ ಪದ್ಧತಿ ಜಾರಿಗೆ ಬಂದಿತು.

ಈ ಪದ್ಧತಿಯ ಗುಣಗಳನ್ನು ಮೊದಲು ಹೇಳುವುದು ನ್ಯಾಯ. ದೇಶದ ಒಂದು ಮೂಲೆಯ ದಾದಿಯೂ ಇನ್ನೊಂದು ಮೂಲೆಯ ದಾದಿಯೂ ಒಂದೇ ಪ್ರಶ್ನೆಯನ್ನು ಒಂದೇ ಮಾತಿನಲ್ಲಿ ಕೇಳುವಂತಾದುದು ಸಣ್ಣ ಸಾಧನೆಯಲ್ಲ. ರೋಗಿಯು ತಾನಾಗಿ ನಡೆಯಬಲ್ಲನೆ, ಹಾಸಿಗೆಯಿಂದ ಏಳಬಲ್ಲನೆ, ಸ್ನಾನ ಮಾಡಬಲ್ಲನೆ ಎಂಬಂಥ ನಿತ್ಯಜೀವನದ ಸಂಗತಿಗಳನ್ನು ಮಾಪನದ ಕೇಂದ್ರದಲ್ಲಿಟ್ಟುದು ವಿವೇಕದ ಕೆಲಸ. ಹೆಚ್ಚು ದುರ್ಬಲರಾದ ರೋಗಿಗಳನ್ನು ನೋಡಿಕೊಳ್ಳುವ ಸಂಸ್ಥೆಗೆ ಅನ್ಯಾಯವಾಗದಿರಲೆಂದು ಅಂಕಗಳನ್ನು ಗಣಿತದಿಂದ ಸರಿದೂಗಿಸುವ ಎಚ್ಚರವೂ ಇಲ್ಲಿದೆ.

ಆದರೆ ಅಳತೆಗೋಲನ್ನೇ ಪರೀಕ್ಷಿಸಿದಾಗ ಎರಡು ದೋಷಗಳು ಎದ್ದು ಕಾಣುತ್ತವೆ. ಒಂದು ಗುಣಕ್ಕೆ ಸಂಬಂಧಿಸಿದುದು, ಇನ್ನೊಂದು ಸುರಕ್ಷಿತತೆಗೆ ಸಂಬಂಧಿಸಿದುದು.

ಮೊದಲನೆಯದನ್ನು ನೋಡೋಣ. 2015ರ ನಕ್ಷತ್ರಾಂಕಕ್ಕೆ ಆಧಾರವಾದ ಅಂಶಗಳು ಒಂಬತ್ತು. ಅವುಗಳಲ್ಲಿ ಐದು, ಅಂದರೆ ನಡಿಗೆ, ಹಾಸಿಗೆಯಿಂದ ಏಳುವುದು, ಸ್ನಾನ, ನೋವು, ಉಸಿರಾಟ ಎಂಬಿವು, 'ಸುಧಾರಣೆ'ಯನ್ನೇ ಅಳೆಯತಕ್ಕವು. ಶುಶ್ರೂಷೆಯ ಆರಂಭದಲ್ಲಿದ್ದುದಕ್ಕಿಂತ ಅಂತ್ಯದಲ್ಲಿ ಉತ್ತಮಗೊಂಡವರು ನೂರಕ್ಕೆ ಎಷ್ಟು ಎಂಬುದೇ ಇಲ್ಲಿನ ಲೆಕ್ಕ. ಇದರ ಪರಿಣಾಮವೇನೆಂದರೆ, ಇದ್ದ ಸ್ಥಿತಿಯಲ್ಲೇ ಉಳಿದ ರೋಗಿಯೂ ಹದಗೆಟ್ಟ ರೋಗಿಯೂ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳುತ್ತಾರೆ. ಶಸ್ತ್ರಚಿಕಿತ್ಸೆಯಾಗಿ ಚೇತರಿಸಿಕೊಳ್ಳುತ್ತಿರುವವನಿಗೆ ಈ ಅಳತೆ ಸಲ್ಲುತ್ತದೆ. ಆದರೆ ಕಂಪವಾತದಿಂದ ನರಳುವ ಎಂಬತ್ತರ ವೃದ್ಧೆಯ ವಿಷಯದಲ್ಲಿ, ಈ ತಿಂಗಳು ಆಕೆ ಹೋದ ತಿಂಗಳಿನಂತೆಯೇ ಬಚ್ಚಲಿಗೆ ನಡೆದುಹೋದಳೆಂದರೆ ಅದೇ ಶುಶ್ರೂಷೆಯ ಗೆಲುವು. ಆ ಗೆಲುವಿಗೆ ಈ ಐದು ಅಂಶಗಳಲ್ಲಿ ಸ್ಥಾನವೇ ಇಲ್ಲ. ಅಲ್ಲದೆ, ಶುಶ್ರೂಷೆಯ ನಡುವೆ ಆಸ್ಪತ್ರೆಗೆ ಸೇರಿದವರೂ ಮನೆಯಲ್ಲಿಯೇ ತೀರಿಕೊಂಡವರೂ ಸುಧಾರಣೆಯ ಲೆಕ್ಕದಿಂದ ಹೊರಗುಳಿಯುತ್ತಾರೆ.

ಇದು ಕೇವಲ ತರ್ಕದ ಆಕ್ಷೇಪವಲ್ಲ. ಸುಧಾರಿಸುವ ಭರವಸೆಯಿಲ್ಲದವರಿಗೆ ಮೆಡಿಕೇರಿನಿಂದ ಶುಶ್ರೂಷೆಯನ್ನು ನಿರಾಕರಿಸಲಾಗುತ್ತಿದೆಯೆಂದು ಹೂಡಿದ ಜಿಮ್ಮೊ ಮೊಕದ್ದಮೆಯು 2013ರಲ್ಲಿ ರಾಜಿಯಲ್ಲಿ ಮುಗಿಯಿತು. ರೋಗಿಯ ಸ್ಥಿತಿಯನ್ನು ಕಾಪಾಡುವುದಕ್ಕೂ ಅವನತಿಯನ್ನು ನಿಧಾನಗೊಳಿಸುವುದಕ್ಕೂ ನುರಿತ ಶುಶ್ರೂಷೆ ಬೇಕಾದಲ್ಲಿ ಅದು ವಿಮೆಗೆ ಅರ್ಹವೆಂದು ಅಲ್ಲಿ ಸ್ಪಷ್ಟವಾಯಿತು. ಹೀಗಿರಲು, ನ್ಯಾಯಾಲಯದ ಮುಂದೆ ಒಪ್ಪಿಕೊಂಡ ತತ್ತ್ವವು ಎರಡು ವರ್ಷಗಳ ತರುವಾಯ ರಚಿತವಾದ ನಕ್ಷತ್ರಾಂಕದೊಳಕ್ಕೆ ಪ್ರವೇಶಿಸದಿದ್ದುದು ಸೋಜಿಗ. ಸುಧಾರಿಸದ ರೋಗಿಯನ್ನು ಒಪ್ಪಿಕೊಳ್ಳಲು ಸಂಸ್ಥೆಯು ಹಿಂಜರಿಯುವ ಪ್ರೇರಣೆಯನ್ನು ಇಂಥ ಅಳತೆ ತಾನಾಗಿಯೇ ಹುಟ್ಟಿಸುತ್ತದೆ.

ಎರಡನೆಯ ದೋಷ ಇನ್ನೂ ಗುರುತರವಾದುದು. ಮೇಲ್ಕಂಡ ಒಂಬತ್ತು ಅಂಶಗಳಲ್ಲಿ ಆಸ್ಪತ್ರೆಗೆ ಸೇರಿದವರ ಲೆಕ್ಕವೊಂದು ಮಾತ್ರ ಮೆಡಿಕೇರಿನ ಹಣಪಾವತಿಯ ದಾಖಲೆಗಳಿಂದ ಬಂದುದು; ಉಳಿದ ಎಂಟೂ ಸೇವೆ ಸಲ್ಲಿಸಿದ ಸಂಸ್ಥೆಯೇ ತುಂಬಿದ ಪ್ರಶ್ನಾವಳಿಯಿಂದ ಬಂದುವು. ಪರೀಕ್ಷೆ ಬರೆದವನೇ ಉತ್ತರಪತ್ರಿಕೆಯನ್ನು ತಿದ್ದಿದಂತೆ ಇದು. ಅದರ ಫಲವನ್ನು ರೋಗಿಗಳ ಬೀಳುವಿಕೆಯ ವಿಷಯದಲ್ಲಿ ಕಾಣಬಹುದು. ಮನೆಯಲ್ಲಿ ವೃದ್ಧರಿಗೆ ಒದಗುವ ಅಪಾಯಗಳಲ್ಲಿ ಬೀಳುವುದು ಮುಖ್ಯವಾದುದು. ಅಮೆರಿಕದ ಆರೋಗ್ಯ ಇಲಾಖೆಯ ಮಹಾತಪಾಸಣಾಧಿಕಾರಿಯ ಕಚೇರಿಯು 2023ರಲ್ಲಿ ಪ್ರಕಟಿಸಿದ ವರದಿಯಲ್ಲಿ ಆಸ್ಪತ್ರೆಯ ದಾಖಲೆಗಳನ್ನೂ ಸಂಸ್ಥೆಗಳ ಪ್ರಶ್ನಾವಳಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿತು. ತೀವ್ರವಾಗಿ ಗಾಯಗೊಂಡು ಆಸ್ಪತ್ರೆ ಸೇರುವಂತಾದ ಬೀಳುವಿಕೆಗಳಲ್ಲಿ ನೂರಕ್ಕೆ 55ರಷ್ಟು ಪ್ರಶ್ನಾವಳಿಯಲ್ಲಿ ನಮೂದಾಗಿರಲೇ ಇಲ್ಲ. ಸಾರ್ವಜನಿಕ ಪಟ್ಟಿಯಲ್ಲಿ ಬೀಳುವಿಕೆ ಅತ್ಯಲ್ಪವೆಂದು ಕಾಣಿಸಿಕೊಂಡ ಸಂಸ್ಥೆಗಳೇ ಇತರ ಸಂಸ್ಥೆಗಳಿಗಿಂತ ಕಡಮೆ ವರದಿ ಮಾಡಿದ್ದುವೆಂಬುದು ಇನ್ನೂ ಗಮನಾರ್ಹ. ಎಂದರೆ, ಸುರಕ್ಷಿತತೆಯ ಅಂಕವು ಇಲ್ಲಿ ಮೌನವನ್ನೇ ಅಳೆಯಿತು. ತಾಯಿಗಾಗಿ ಸಂಸ್ಥೆಯೊಂದನ್ನು ಆರಿಸಲು ಆ ಪಟ್ಟಿಯನ್ನು ನಂಬಿದ ಮಗಳಿಗೆ ಪಟ್ಟಿಯಿಲ್ಲದಿದ್ದಾಗ ಆಗುವುದಕ್ಕಿಂತ ಹೆಚ್ಚಿನ ಹಾನಿಯಾಗುವ ಸಂಭವವುಂಟು; ಅಜ್ಞಾನಕ್ಕಿಂತ ತಪ್ಪು ಭರವಸೆ ಹೆಚ್ಚು ಅಪಾಯಕರ.

ರೋಗಿಗಳ ಅಭಿಪ್ರಾಯವನ್ನು ಬೇರೆ ಸಂಸ್ಥೆಗಳ ಮೂಲಕ ಸಂಗ್ರಹಿಸಿ ಅದಕ್ಕೆ ಪ್ರತ್ಯೇಕ ನಕ್ಷತ್ರಗಳನ್ನು 2016ರಿಂದ ಕೊಡಲಾಗಿದೆಯಲ್ಲವೆ ಎಂದು ಕೇಳಬಹುದು. ಆ ಪ್ರಯತ್ನ ಸ್ತುತ್ಯವೇ. ಆದರೆ ದಾದಿಯು ಆದರದಿಂದ ಮಾತನಾಡಿದಳೆ ಎಂಬುದನ್ನು ರೋಗಿಯು ಹೇಳಬಲ್ಲನೇ ಹೊರತು, ಎರಡು ಔಷಧಿಗಳು ಒಂದಕ್ಕೊಂದು ಹೊಂದದಿದ್ದುದನ್ನು ಅವನು ಹೇಳಲಾರನು. ಒಂದು ಸಾಕ್ಷ್ಯವು ಇನ್ನೊಂದರ ಕೊರತೆಯನ್ನು ಪೂರ್ಣವಾಗಿ ತುಂಬಲಾರದು. 2023ರ ಸಾಧನೆಯನ್ನು ಆಧರಿಸಿ 2025ರಲ್ಲಿ ಸಂಸ್ಥೆಗಳ ಹಣವನ್ನು ನೂರಕ್ಕೆ ಐದರವರೆಗೆ ಏರಿಸುವ ಅಥವಾ ಇಳಿಸುವ ವ್ಯವಸ್ಥೆಯು ದೇಶಾದ್ಯಂತ ಬಂದಿರುವುದರಿಂದ, ಅಂಕದ ಸತ್ಯಾಸತ್ಯತೆಯ ಪ್ರಶ್ನೆ ಮೊದಲಿಗಿಂತ ತೀವ್ರವಾಗಿದೆ.

ಇಷ್ಟರಿಂದ ಗುಣಮಾಪನವೇ ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಬೀಳುವಿಕೆಯ ಸತ್ಯವು ಬೆಳಕಿಗೆ ಬಂದುದೂ ಇನ್ನೊಂದು ಅಳತೆಯ ಮೂಲಕವೇ. ನಮ್ಮ ನಿಲುವು ಇಷ್ಟೆ: ಗೃಹಶುಶ್ರೂಷೆಯನ್ನು ಅಳೆಯುವಾಗ ಸುಧಾರಿಸಿದವರು, ಸ್ಥಿರವಾಗಿ ಉಳಿದವರು, ಹದಗೆಟ್ಟವರು ಎಂಬ ಮೂರು ವರ್ಗಗಳನ್ನೂ ಬೇರೆಬೇರೆಯಾಗಿ ತೋರಿಸಬೇಕು, ಅಪಾಯಕ್ಕೆ ಸಂಬಂಧಿಸಿದ ಯಾವ ಅಂಕವನ್ನಾಗಲಿ ಸಂಸ್ಥೆಯ ಬಾಯಿಮಾತಿನ ಮೇಲೆ ಮಾತ್ರ ನಿಲ್ಲಿಸದೆ ಆಸ್ಪತ್ರೆಯ ದಾಖಲೆಯೊಡನೆ ತಾಳೆ ನೋಡಬೇಕು. ನಮ್ಮ ನಗರಗಳಲ್ಲಿಯೂ ಹಣಕ್ಕೆ ಗೃಹಶುಶ್ರೂಷೆಯನ್ನು ಒದಗಿಸುವ ಸಂಸ್ಥೆಗಳಿವೆ. ಅವುಗಳನ್ನು ಕುರಿತು ಪ್ರಶ್ನಾವಳಿ ರಚಿಸಲಿರುವ ವಿದ್ಯಾರ್ಥಿಗಳು ಪ್ರಶ್ನೆಗಳನ್ನು ಬರೆಯುವ ಮುನ್ನ, ಉತ್ತರವನ್ನು ಬರೆಯುವವರು ಯಾರು, ಆ ಉತ್ತರದಿಂದ ಅವರಿಗೆ ಆಗುವ ಲಾಭನಷ್ಟಗಳೇನು ಎಂಬುದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.