ಆಟದಂಗಳದಲ್ಲಿ ತಲೆ ಯಾರು, ಕಾಲು ಯಾರು?

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿಬಂದ ನಮ್ಮ ಧರ್ಮಕೇಂದ್ರಗಳ ಹಿರಿಯರು, ಫೆಬ್ರವರಿ ತಿಂಗಳ ಒಂದು ಭಾನುವಾರ ಅಲ್ಲಿ ನೆರೆಹೊರೆಯವರೆಲ್ಲ ಟಿ.ವಿ. ಮುಂದೆ ಸೇರಿ ‘ಸೂಪರ್ ಬೌಲ್’ ಪಂದ್ಯ ನೋಡುವುದನ್ನು ಅಚ್ಚರಿಯಿಂದ ಹೇಳುವುದುಂಟು. ಹೆಸರು ಫುಟ್ಬಾಲ್ ಆದರೂ ಅದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು, ಎದುರಾಳಿಯನ್ನು ಕೆಡವುತ್ತಾ ಮುನ್ನುಗ್ಗುವ ಆಟ. ಅಂಗಳದಲ್ಲಿ ತಂಡಕ್ಕೆ 11 ಮಂದಿ. ಒಬ್ಬೊಬ್ಬರಿಗೂ ನಿಶ್ಚಿತ ಕೆಲಸ. ಕ್ವಾರ್ಟರ್‌ಬ್ಯಾಕ್ ಎಂಬಾತ ತಂಡದ ಮಿದುಳು. ಚೆಂಡನ್ನು ಯಾರಿಗೆ, ಯಾವಾಗ ಎಸೆಯಬೇಕೆಂದು ಕ್ಷಣಾರ್ಧದಲ್ಲಿ ತೀರ್ಮಾನಿಸುವವನು ಅವನೇ. ವೈಡ್ ರಿಸೀವರ್ ಓಡಿಹೋಗಿ ಆ ಚೆಂಡನ್ನು ಹಿಡಿಯುತ್ತಾನೆ. ಕಾರ್ನರ್‌ಬ್ಯಾಕ್ ಅವನನ್ನು ತಡೆಯುವ ಎದುರಾಳಿ.

ಇಂದು ಈ ವೃತ್ತಿಪರ ಆಟಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪುವರ್ಣದವರು. ಇದನ್ನು ಕಂಡು ಕ್ರೀಡೆಗೆ ಜನಾಂಗಭೇದವಿಲ್ಲ ಎಂದು ಸಂತೋಷಪಡುವುದು ಸುಲಭ. ಆದರೆ ಎಷ್ಟು ಮಂದಿ ಇದ್ದಾರೆ ಎಂಬುದಷ್ಟೇ ಸಾಲದು; ಯಾರನ್ನು ಎಲ್ಲಿ ನಿಲ್ಲಿಸಲಾಗಿದೆ ಎಂಬುದನ್ನೂ ನೋಡಬೇಕು.

ನ್ಯಾಷನಲ್ ಫುಟ್ಬಾಲ್ ಲೀಗ್ 1920ರಲ್ಲಿ ಹುಟ್ಟಿತು. 1934ರಿಂದ 1945ರವರೆಗೆ ಅದರಲ್ಲಿ ಒಬ್ಬ ಕಪ್ಪುವರ್ಣೀಯನೂ ಆಡಲಿಲ್ಲ. 1946ರಲ್ಲಿ ಲಾಸ್ ಏಂಜಲಿಸ್ ತಂಡ ಬಾಗಿಲು ತೆರೆಯಿತು. ಬಾಗಿಲು ತೆರೆದರೂ ಮನೆಯ ಎಲ್ಲ ಕೋಣೆಗಳು ತೆರೆಯಲಿಲ್ಲ. ಜಾನ್ ಲಾಯ್ ಮತ್ತು ಜೋಸೆಫ್ ಮೆಕಲ್ವೋಗ್ ಎಂಬ ಸಮಾಜಶಾಸ್ತ್ರಜ್ಞರು 1970ರಲ್ಲಿ ಇದನ್ನು ಅಧ್ಯಯನ ಮಾಡಿ ತೋರಿಸಿದರು: ತಂಡದ ನಡುವೆ ನಿಂತು ನಿರ್ಧಾರ ಕೈಗೊಳ್ಳುವ ಸ್ಥಾನಗಳು ಬಹುಮಟ್ಟಿಗೆ ಬಿಳಿಯರವು, ಅಂಚಿನ ಸ್ಥಾನಗಳು ಕಪ್ಪುವರ್ಣದವರವು.

ಇದರ ಬೆಲೆ ತೆತ್ತವರು ಹಲವರು. 1968ರಲ್ಲಿ, ಆಗ ಪ್ರತಿಸ್ಪರ್ಧಿ ಲೀಗ್‌ನಲ್ಲಿದ್ದ ಡೆನ್ವರ್ ತಂಡದ ಕ್ವಾರ್ಟರ್‌ಬ್ಯಾಕ್ ಆಗಿ ಮಾರ್ಲಿನ್ ಬ್ರಿಸ್ಕೋ ಉತ್ತಮವಾಗಿ ಆಡಿದರು. ಮರುವರ್ಷ ಆ ಸ್ಥಾನ ಅವರಿಗೆ ಉಳಿಯಲಿಲ್ಲ. ಬಫಲೋ ತಂಡಕ್ಕೆ ಹೋದ ಅವರು ಚೆಂಡು ಹಿಡಿಯುವ ಕೆಲಸ ಕಲಿಯಬೇಕಾಯಿತು. ವಾರನ್ ಮೂನ್ 1978ರಲ್ಲಿ ತಮ್ಮ ವಿಶ್ವವಿದ್ಯಾನಿಲಯ ತಂಡಕ್ಕೆ ಪ್ರತಿಷ್ಠಿತ ರೋಸ್ ಬೌಲ್ ಗೆಲ್ಲಿಸಿಕೊಟ್ಟರೂ, ಅದೇ ವರ್ಷ ನಡೆದ ಆಟಗಾರರ ಆಯ್ಕೆಯಲ್ಲಿ ಯಾವ ತಂಡವೂ ಅವರ ಹೆಸರೆತ್ತಲಿಲ್ಲ. ಸ್ಥಾನ ಬದಲಿಸಲೊಪ್ಪದ ಮೂನ್ ಕೆನಡಾಕ್ಕೆ ಹೋಗಿ, ಎಡ್ಮಂಟನ್ ತಂಡದೊಡನೆ ಸತತ 5 ವರ್ಷ ಅಲ್ಲಿನ ಗ್ರೇ ಕಪ್ ಗೆದ್ದರು. 1984ರಲ್ಲಷ್ಟೇ ಸ್ವದೇಶದ ಲೀಗ್‌ನಲ್ಲಿ ಅವರಿಗೆ ಸ್ಥಾನ ದೊರೆಯಿತು. 2006ರಲ್ಲಿ ಶ್ರೇಷ್ಠ ಆಟಗಾರರ ಗೌರವಭವನಕ್ಕೂ ಅವರ ಹೆಸರು ಸೇರಿತು.

‘ಗೆಲ್ಲಲೆಂದೇ ತಂಡ ಕಟ್ಟುವವರು ಬಣ್ಣ ನೋಡುತ್ತಾರೆಯೇ? ದೇಹಪ್ರಕೃತಿಗೆ ತಕ್ಕ ಸ್ಥಾನ ನೀಡಿದ್ದಾರೆ, ಅಷ್ಟೇ’ ಎಂದು ವಾದಿಸುವವರಿದ್ದಾರೆ. ಭಾರ, ಎತ್ತರ, ವೇಗಗಳು ಆಟದಲ್ಲಿ ಮುಖ್ಯವೆಂಬುದು ನಿಜ. ಆದರೆ 1988ರ ಸೂಪರ್ ಬೌಲ್‌ನಲ್ಲಿ ಡಗ್ ವಿಲಿಯಮ್ಸ್ ವಾಷಿಂಗ್ಟನ್ ತಂಡವನ್ನು 42-10ರಿಂದ ಗೆಲ್ಲಿಸಿದರು. 2023ರ ಸೂಪರ್ ಬೌಲ್‌ನಲ್ಲಿ ಪ್ಯಾಟ್ರಿಕ್ ಮಹೋಮ್ಸ್ ಮತ್ತು ಜೇಲನ್ ಹರ್ಟ್ಸ್ ಎದುರುಬದುರಾದಾಗ, ಎರಡೂ ತಂಡಗಳ ಕ್ವಾರ್ಟರ್‌ಬ್ಯಾಕ್‌ಗಳು ಕಪ್ಪುವರ್ಣದವರಾಗಿದ್ದುದು ಅದೇ ಮೊದಲು. ಈ ಅವಧಿಯಲ್ಲಿ ಮಾನವನ ಪ್ರಕೃತಿ ಬದಲಾಗಲಿಲ್ಲ. ಆಯ್ಕೆ ಮಾಡುವವರ ಕಣ್ಣು ಬದಲಾಯಿತು. ಹಾಗಾದರೆ ಹಿಂದೆ ಪ್ರಕೃತಿಯೆಂದು ಕರೆದದ್ದು ಪ್ರಕೃತಿಯಾಗಿರಲಿಲ್ಲ. ಪೂರ್ವಗ್ರಹ ಇನ್ನೊಂದು ಪಕ್ಕಕ್ಕೂ ತಾಗುತ್ತದೆ. ಕಾರ್ನರ್‌ಬ್ಯಾಕ್ ಸ್ಥಾನದಲ್ಲಿ ಬಿಳಿಯ ಯುವಕರು ಇಂದಿಗೂ ಎಷ್ಟು ವಿರಳವೆಂದರೆ, ಫಿಲಡೆಲ್ಫಿಯಾದ ಕೂಪರ್ ಡಿಜೀನ್ ಅಲ್ಲಿ ಆಡುವುದೇ ಒಂದು ಸುದ್ದಿಯಾಯಿತು.

ಇದೆಲ್ಲ ಆಟದ ಮಾತು, ಇಷ್ಟು ಚಿಂತಿಸಬೇಕೇ ಎಂದು ಯಾರಾದರೂ ಕೇಳಬಹುದು. ಮುಂದಿನ ಸಂಗತಿಯನ್ನು ಗಮನಿಸಿ. ತಲೆಗೆ ಬಿದ್ದ ಪೆಟ್ಟುಗಳಿಂದ ಮರೆಗುಳಿತನಕ್ಕೆ ತುತ್ತಾದ ನಿವೃತ್ತ ಆಟಗಾರರಿಗೆ ಪರಿಹಾರ ನೀಡಲು ಲೀಗ್ ಒಪ್ಪಿಕೊಂಡಿತು. ಮಿದುಳು ಎಷ್ಟು ಕುಗ್ಗಿದೆ ಎಂಬುದನ್ನು ಪರೀಕ್ಷೆಯಿಂದ ಅಳೆಯಬೇಕಿತ್ತು. ಆ ಅಳತೆಯಲ್ಲಿ, ಕಪ್ಪುವರ್ಣದವರ ಬುದ್ಧಿಶಕ್ತಿ ಮೊದಲಿನಿಂದಲೇ ಕಡಿಮೆಯಿದ್ದಿತೆಂದು ಊಹಿಸಿ ಲೆಕ್ಕ ಹಾಕುವ ಪದ್ಧತಿ ಸೇರಿತ್ತು. ಪರಿಣಾಮವಾಗಿ, ಇಬ್ಬರು ಒಂದೇ ಅಂಕ ಪಡೆದರೂ ಬಿಳಿಯನಿಗೆ ನಷ್ಟವಾಗಿದೆ ಎಂದೂ ಕಪ್ಪುವರ್ಣದವನಿಗೆ ಅಷ್ಟು ನಷ್ಟವಾಗಿಲ್ಲವೆಂದೂ ತೀರ್ಮಾನವಾಗಬಹುದಿತ್ತು. 2020ರಲ್ಲಿ ಇಬ್ಬರು ಮಾಜಿ ಆಟಗಾರರು ನ್ಯಾಯಾಲಯದ ಮೆಟ್ಟಿಲೇರಿದರು. 2021ರಲ್ಲಿ ಲೀಗ್ ಈ ಪದ್ಧತಿಯನ್ನು ಕೈಬಿಡಲು ಒಪ್ಪಿತು. 2022ರಲ್ಲಿ ನ್ಯಾಯಾಲಯ ಬದಲಾವಣೆಗೆ ಅನುಮೋದನೆ ನೀಡಿತು. ಯೌವನದಲ್ಲಿ ಸ್ಥಾನವನ್ನು ಕಸಿದ ಅದೇ ಊಹೆ ಮುಪ್ಪಿನಲ್ಲಿ ಔಷಧದ ಹಣಕ್ಕೂ ಕೈ ಹಾಕಿತ್ತು. ‘ಇವನು ಹುಟ್ಟಾ ಓಟಗಾರ’ ಎಂಬ ಹೊಗಳಿಕೆಯೊಳಗೆ ‘ಯೋಚಿಸುವುದು ಇವನ ಕೆಲಸವಲ್ಲ’ ಎಂಬ ತೀರ್ಪು ಅಡಗಿದ್ದರೆ, ಆ ಹೊಗಳಿಕೆಯೂ ಅನ್ಯಾಯವೇ.

ತಿದ್ದುಪಡಿಯ ಯತ್ನಗಳೂ ನಡೆದಿವೆ. ಪಿಟ್ಸ್‌ಬರ್ಗ್ ತಂಡದ ಒಡೆಯರಾಗಿದ್ದ ಕಥೋಲಿಕ ವಿಶ್ವಾಸಿ ಡ್ಯಾನ್ ರೂನಿಯವರ ಹೆಸರಿನ ನಿಯಮ 2003ರಲ್ಲಿ ಜಾರಿಗೆ ಬಂತು. ಮುಖ್ಯ ತರಬೇತುದಾರನನ್ನು ನೇಮಿಸುವ ಮುನ್ನ ಅಲ್ಪಸಂಖ್ಯಾತ ಜನಾಂಗದ ಒಬ್ಬರನ್ನಾದರೂ ಸಂದರ್ಶಿಸಬೇಕೆಂಬುದು ಆರಂಭದಲ್ಲಿ ಅದರ ಸಾರವಾಗಿತ್ತು. ಉದ್ದೇಶ ಒಳ್ಳೆಯದು. ಆದರೆ ತಮ್ಮನ್ನು ಕರೆದದ್ದು ಕೇವಲ ತೋರಿಕೆಗಾಗಿ ಎಂದು ತರಬೇತುದಾರ ಬ್ರಯನ್ ಫ್ಲೋರೆಸ್ 2022ರಲ್ಲಿ ಮೊಕದ್ದಮೆ ಹೂಡಿದರು. ನಿಯಮ ಒಬ್ಬನನ್ನು ಕುರ್ಚಿಯಲ್ಲಿ ಕೂರಿಸಿ ಮಾತನಾಡಿಸಬಲ್ಲದು. ಕೇಳುವವನ ಹೃದಯವನ್ನು ತೆರೆಯಲಾರದು.

ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಜನಾಂಗ, ವರ್ಣಗಳ ಆಧಾರದ ತಾರತಮ್ಯ ದೇವರ ಚಿತ್ತಕ್ಕೆ ವಿರುದ್ಧವೆಂದು ಸಾರಿತು. ಅಮೆರಿಕದ ಧರ್ಮಾಧ್ಯಕ್ಷರು 1979ರ ತಮ್ಮ ಪಾಲನಾ ಪತ್ರದಲ್ಲಿ ಜನಾಂಗಭೇದವನ್ನು ಪಾಪವೆಂದೇ ಕರೆದರು. ಸಂತ ಪೌಲರು ಕೊರಿಂಥದ ಸಭೆಗೆ ಬರೆಯುವಾಗ ದೇಹದ ಅಂಗಗಳ ಉಪಮೆ ನೀಡುತ್ತಾರೆ. ಅಲ್ಲಿ ಒಂದೊಂದು ಅಂಗಕ್ಕೂ ಅದರ ಸ್ಥಾನ ನೀಡಿದವರು ದೇವರು; ಇನ್ನೊಂದು ಅಂಗವಲ್ಲ. ಪ್ರವಾದಿ ಸಮುವೇಲನೂ ಜೆಸ್ಸೆಯನ ಮನೆಯಲ್ಲಿ ಹಿರಿಮಗನ ನಿಲುವನ್ನು ಕಂಡು ಮರುಳಾಗಿದ್ದನು. ಕುರಿ ಕಾಯಲು ಹೋಗಿದ್ದ ಕಿರಿಯನನ್ನು ಸಾಲಿನಲ್ಲಿ ನಿಲ್ಲಿಸಬೇಕೆಂದು ತಂದೆಗೂ ತೋಚಿರಲಿಲ್ಲ.

ಆ ಕಿರಿಯನನ್ನು ಕರೆಸುವವರೆಗೆ ಸಮುವೇಲ ಊಟಕ್ಕೆ ಕೂರಲಿಲ್ಲ. ದೂರದ ದೇಶದ ಆಟವನ್ನು ವಿಮರ್ಶಿಸುವ ನಾವೂ ನಮ್ಮನ್ನು ಕೇಳಿಕೊಳ್ಳೋಣ: ನಮ್ಮ ಮನೆಯಲ್ಲಿ, ಶಾಲೆಯಲ್ಲಿ, ಧರ್ಮಕೇಂದ್ರದಲ್ಲಿ, ಕರೆಯದೆಯೇ ನಾವು ಹೊಲದಲ್ಲಿ ಬಿಟ್ಟಿರುವ ದಾವೀದ ಯಾರು?