ಪ್ರಕಾರ, ತಿಂಗಳು, ಹಾಡುಗಾರ: ಮಾಸಿಕ ಪ್ಲೇಲಿಸ್ಟ್‌ಗಳು ಮತ್ತು ಮಲೆನಾಡಿನ ಋತುಗಾಯನ

ಜಾನಪದ ಅಧ್ಯಯನದಲ್ಲಿ ವರ್ಗೀಕರಣದ ಪ್ರಶ್ನೆ ಹಳೆಯದು. ಸಂಗ್ರಹಕಾರನ ಮುಂದೆ ಹಾಡು ಬಂದು ನಿಂತಾಗ ಅದನ್ನು ಯಾವ ಹೆಸರಿನಡಿ ದಾಖಲಿಸಬೇಕು ಎಂಬ ತೊಡಕು ಮೊದಲ ತಲೆಮಾರಿನ ಸಂಗ್ರಹಕಾರರಿಗೂ ಇತ್ತು. ಇಂದಿನ ಸಂಶೋಧಕರಿಗೂ ಇದೆ. ಆದರೆ ಕಳೆದ ಒಂದೂವರೆ ದಶಕದಲ್ಲಿ ಈ ಪ್ರಶ್ನೆ ವಿದ್ವಾಂಸರ ಕೈಯಿಂದ ಜಾರಿ ಸಂಗೀತ ವಿತರಣಾ ಸಂಸ್ಥೆಗಳ ಕೈಸೇರಿದೆ. ಕಂಪನಿಯ ಆಶ್ರಯವಿಲ್ಲದ, ಚಲನಚಿತ್ರದ ಹಂಗಿಲ್ಲದ ಗಾಯಕನೊಬ್ಬ ಇಂದು ಕೇಳುಗನಿಗೆ ದೊರೆಯುವುದು ಬಹುಮಟ್ಟಿಗೆ ಪ್ಲೇಲಿಸ್ಟ್‌ಗಳ ಮೂಲಕ. ಪ್ರಕಾರವಾರು ವಿಂಗಡಿಸಿ, ವಾರಕ್ಕೋ ತಿಂಗಳಿಗೋ ಒಮ್ಮೆ ಹೊಸದಾಗಿ ಕಟ್ಟುವ ಈ ಹಾಡುಪಟ್ಟಿಗಳು ಸ್ವತಂತ್ರ ಗಾಯಕರನ್ನು ಬೆಳಕಿಗೆ ತರುತ್ತವೆ ಎಂಬ ಮಾತು ಸಾಮಾನ್ಯವಾಗಿದೆ. ಈ ಮಾತು ಎಷ್ಟರ ಮಟ್ಟಿಗೆ ನಿಜ, ಯಾರ ವಿಷಯದಲ್ಲಿ ನಿಜ ಎಂಬುದನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಗಾಯನ ಪರಂಪರೆಯನ್ನು ಎದುರಿಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜಾನಪದ ವಿದ್ವಾಂಸ ಡಾನ್ ಬೆನ್-ಅಮೋಸ್ 1969ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧವೊಂದರಲ್ಲಿ ಎರಡು ಬಗೆಯ ವಿಂಗಡಣೆಗಳನ್ನು ಗುರುತಿಸಿದರು. ಹೋಲಿಕೆಗಾಗಿ, ಸೂಚಿಗಾಗಿ, ಭಂಡಾರಕ್ಕಾಗಿ ವಿದ್ವಾಂಸರು ಕಟ್ಟಿಕೊಂಡ ವಿಶ್ಲೇಷಣಾತ್ಮಕ ವರ್ಗಗಳು ಒಂದು ಬಗೆ. ಹಾಡುವ, ಹೇಳುವ ಸಮುದಾಯವೇ ತನ್ನ ಅಭಿವ್ಯಕ್ತಿಗಳಿಗೆ ಇಟ್ಟುಕೊಂಡ ದೇಶೀಯ ಪ್ರಕಾರಗಳು ಇನ್ನೊಂದು. ಈ ಭೇದ ಕನ್ನಡ ಜಾನಪದ ವಿದ್ವಾಂಸರಿಗೆ ಅಪರಿಚಿತವಲ್ಲ. ಆದರೆ ಪ್ಲೇಲಿಸ್ಟ್ ಇವೆರಡರಲ್ಲಿ ಯಾವುದಕ್ಕೂ ಸೇರದ ಮೂರನೆಯ ವಿಂಗಡಣೆಯನ್ನು ತಂದಿದೆ. ಅದು ಕೇಳುಗನ ಅಭಿರುಚಿಯನ್ನು ಊಹಿಸಿ ಮಾಡಿದ ವಿಂಗಡಣೆ. ಅದರಲ್ಲಿ ಹಾಡುವವನ ಮಾತೂ ಇಲ್ಲ, ವಿದ್ವಾಂಸನ ಮಾತೂ ಇಲ್ಲ.

ಶಿಶುನಾಳ ಶರೀಫರ (1819–1889) ಪದಗಳ ಪಯಣ ಇದಕ್ಕೆ ಒಳ್ಳೆಯ ನಿದರ್ಶನ. ಭಜನಾ ಮೇಳಗಳಲ್ಲಿ, ಏಕತಾರಿ ಹಿಡಿದವರ ಬಾಯಲ್ಲಿ ಇವು ತತ್ತ್ವಪದಗಳು. ಅಂದರೆ ಅರ್ಥವನ್ನು ಬಿಡಿಸಿಕೊಳ್ಳಲೆಂದೇ ಕೂಡಿ ಕುಳಿತು ಹಾಡುವ ಪದಗಳು. ಸಿ. ಅಶ್ವತ್ಥ್ ಅವರ ರಾಗಸಂಯೋಜನೆಯಲ್ಲಿ, ವಿಶೇಷವಾಗಿ ಟಿ. ಎಸ್. ನಾಗಾಭರಣರ 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದಲ್ಲಿ, ಇವು ಸುಗಮ ಸಂಗೀತದ ಮತ್ತು ಚಿತ್ರಗೀತೆಯ ಕಕ್ಷೆಗೆ ಬಂದವು. ರಘು ದೀಕ್ಷಿತರ 2008ರ ಮೊದಲ ಆಲ್ಬಂನಲ್ಲಿ ಶರೀಫರ ಪದ ಗಿಟಾರು, ಪಿಟೀಲು, ಡ್ರಮ್‌ಗಳೊಡನೆ ಸೇರಿ ‘ಫೋಕ್ ರಾಕ್’ ಎನಿಸಿಕೊಂಡಿತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದ ವೇದಿಕೆ ಏರಿದ ಮೇಲೆ ಈ ಗಾಯಕರ ಹೆಸರಿಗೆ ಆ ಪ್ರಕಾರದ ಮುದ್ರೆ ಗಟ್ಟಿಯಾಯಿತು. ಒಬ್ಬ ಕವಿಯ ಪದಗಳು ಮೂರು ನಾಲ್ಕು ಪ್ರಕಾರಗಳಲ್ಲಿ ಹಂಚಿಹೋದವು. ಇದು ದೋಷವೆಂದು ಹೇಳುವಂತಿಲ್ಲ, ಮೌಖಿಕ ಪರಂಪರೆ ಬದುಕುವುದೇ ಹೀಗೆ. ಆದರೆ ಫೋಕ್ ರಾಕ್ ಪಟ್ಟಿಯ ಮೂಲಕ ಶರೀಫರ ಪದವನ್ನು ಕೇಳಿದವನಿಗೆ ಆ ಪಟ್ಟಿ ಮುಂದೆ ತೋರಿಸುವುದು ಮತ್ತೊಂದು ರಾಕ್ ತಂಡವನ್ನೇ ಹೊರತು ಧಾರವಾಡ, ಹಾವೇರಿ ಕಡೆಯ ಭಜನಾ ಮೇಳವನ್ನಲ್ಲ. ಪ್ರಕಾರದ ಬಾಗಿಲು ಒಂದು ಕಡೆಗೆ ಮಾತ್ರ ತೆರೆದುಕೊಳ್ಳುತ್ತದೆ.

‘ಸೋಜುಗಾದ ಸೂಜಿಮಲ್ಲಿಗೆ’ಯ ಕತೆಯೂ ಇದಕ್ಕೆ ಹತ್ತಿರದ್ದೇ. ಮಲೆ ಮಹದೇಶ್ವರನ ಭಕ್ತಿಪರಂಪರೆಗೆ ಸೇರಿದ ಈ ಹಾಡು 2020ರ ಶಿವರಾತ್ರಿಯ ವೇದಿಕೆಯೊಂದರಲ್ಲಿ ಅನನ್ಯಾ ಭಟ್ ಅವರ ಕಂಠದಿಂದ ಹೊರಟು ಕನ್ನಡವರಿಯದ ಕೇಳುಗರನ್ನೂ ತಲುಪಿತು; 2021ರಲ್ಲಿ ‘ಗರುಡ ಗಮನ ವೃಷಭ ವಾಹನ’ ಚಿತ್ರದಲ್ಲಿ ಬಳಕೆಯಾಗಿ ಇನ್ನೊಂದು ಸುತ್ತು ಹರಡಿತು. ಗಾಯಕಿಗೆ ದೊರೆತ ಮನ್ನಣೆ ನ್ಯಾಯವಾದದ್ದೇ. ಕಂಸಾಳೆಯವರಿಗೆ, ದೇವರಗುಡ್ಡರಿಗೆ ಅದರಿಂದ ಎಷ್ಟು ಕೇಳುಗರು ಬಂದರು ಎಂಬುದು ಪಟ್ಟಿ ಕಟ್ಟುವವರು ಕೇಳಿಕೊಳ್ಳದ ಪ್ರಶ್ನೆ.

ಇವು ತಕ್ಕಮಟ್ಟಿಗೆ ಹೆಸರಾದ ಉದಾಹರಣೆಗಳು. ಹೆಸರೇ ಆಗದ ಗಾಯನದತ್ತ ಬಂದರೆ ಸಮಸ್ಯೆಯ ಆಳ ಕಾಣುತ್ತದೆ. ಕೊಪ್ಪದ ಪಕ್ಕದ ಬಾಳಗಡಿಯಂಥ ಊರನ್ನೇ ತೆಗೆದುಕೊಳ್ಳಬಹುದು. ತುಂಗೆ ಭದ್ರೆಯರ ನಡುವಿನ ಈ ಸೀಮೆಯಲ್ಲಿ ಮನೆಗಳು ಗುಂಪಾಗಿಲ್ಲ. ತೋಟ, ಗದ್ದೆ, ಹಾಡ್ಯಗಳ ನಡುವೆ ಒಂಟಿಯಾಗಿ ಚದುರಿಕೊಂಡಿವೆ. ಹೀಗಾಗಿ ಇಲ್ಲಿ ಕೇಳುಗರು ಹಾಡಿನ ಬಳಿಗೆ ಹೋಗುವುದಕ್ಕಿಂತ ಹಾಡೇ ಮನೆ ಹುಡುಕಿಕೊಂಡು ಬರುವ ಪದ್ಧತಿ ಬೆಳೆದಿರುವುದು ಸಹಜ. ದೀಪಾವಳಿಯ ಅಂಟಿಗೆ-ಪಂಟಿಗೆ ಇದರ ಅತ್ಯುತ್ತಮ ಮಾದರಿ. ಬಲಿಪಾಡ್ಯಮಿಯ ಆಸುಪಾಸಿನ ರಾತ್ರಿಗಳಲ್ಲಿ ಗಂಡಸರ ತಂಡವೊಂದು ಹಚ್ಚಿದ ದೀಪವನ್ನು ಆರಗೊಡದೆ ಹಿಡಿದು, ಗದ್ದೆಯ ಬದು, ಸಾರ, ಕಾಲುಹಾದಿಗಳನ್ನು ದಾಟಿ ಮನೆಯಿಂದ ಮನೆಗೆ ನಡೆಯುತ್ತದೆ. ಮುಚ್ಚಿದ ಬಾಗಿಲ ಹೊರಗೆ ನಿಂತು ಬಾಗಿಲು ತೆರೆಸುವ ಪದ ಹಾಡುತ್ತದೆ. ಮನೆಯವರು ದೀಪಕ್ಕೆ ಎಣ್ಣೆ ಎರೆಯುತ್ತಾರೆ, ಅದಕ್ಕೊಂದು ಪದ. ಅಕ್ಕಿ, ಕಾಯಿ, ಹಣ ಕೊಡುತ್ತಾರೆ, ಹೊರಡುವಾಗ ಹರಸುವ ಪದ. ಮುಂದಿನವರು ಎತ್ತಿಕೊಟ್ಟ ಸೊಲ್ಲನ್ನು ಹಿಂದಿನವರು ಹಿಡಿಯುತ್ತಾರೆ.

ಈ ಪದಗಳು ಯಾವ ಪ್ರಕಾರ? ಭಕ್ತಿಗೀತೆಯೆನ್ನಲು ಬಲೀಂದ್ರನ ಪ್ರಸಂಗವಿದೆ. ಆದರೆ ಬಾಗಿಲು ತೆಗೆಯದ ಮನೆಯೊಡತಿಯನ್ನು ಕೆಣಕುವ ಹಾಸ್ಯವೂ ಇದೆ. ಆಚರಣೆಯ ಹಾಡು ಎನ್ನಬಹುದು, ಕಥನದ ಹಾಡೂ ಅದರೊಳಗಿದೆ. ಹಾಡುವವರನ್ನು ಕೇಳಿದರೆ ದೊರೆಯುವ ಉತ್ತರ ಸರಳ: ಇವು ‘ಹಬ್ಬದ ಪದ’. ಅಂದರೆ ಈ ಸಮುದಾಯಕ್ಕೆ ಪ್ರಕಾರವೆಂಬುದು ಧಾಟಿಯ ಹೆಸರಲ್ಲ, ವಾದ್ಯದ ಹೆಸರಲ್ಲ, ಕಾಲದ ಹೆಸರು. ನಾಟಿಯ ಪದ ಮಳೆಗಾಲದ್ದು, ಸೋಬಾನೆ ಮದುವೆಯ ದಿನಗಳದ್ದು, ಯಕ್ಷಗಾನ ಮೇಳಗಳ ತಿರುಗಾಟ ಮಳೆ ಕಳೆದ ಮೇಲಿನದ್ದು. ಮಳೆ ಹಿಡಿದಾಗ ವೇಷ ಕಳಚಿಟ್ಟ ಪ್ರಸಂಗಗಳೇ ಜಗಲಿಯ ತಾಳಮದ್ದಲೆಯಾಗುತ್ತವೆ. ಪ್ರಕಾರವಾರು ಮಾಸಿಕ ಹಾಡುಪಟ್ಟಿಯೊಂದು ಈ ಸೀಮೆಗೆ ಮೊದಲಿನಿಂದಲೂ ಇತ್ತು ಎಂದರೆ ಅತಿಶಯೋಕ್ತಿಯಾಗಲಾರದು. ವ್ಯತ್ಯಾಸವಿಷ್ಟೆ: ಅಲ್ಲಿ ತಿಂಗಳು ಬಂದಾಗ ಹಿಂದಿನ ವರ್ಷದ ಹಾಡೇ ಮರಳಿ ಬರುತ್ತದೆ, ಇಲ್ಲಿ ತಿಂಗಳು ತಿರುಗಿದೊಡನೆ ಹಿಂದಿನ ಹಾಡು ಪಟ್ಟಿಯಿಂದ ಇಳಿಯುತ್ತದೆ.

ಎರಡೂ ಕ್ರಮಗಳ ತಿಂಗಳುಗಳೂ ಒಂದೇ ಅಲ್ಲ. ಅಧಿಕ ಶ್ರಾವಣ ಬಂದ 2023ರಲ್ಲಿ ಬಲಿಪಾಡ್ಯಮಿ ನವೆಂಬರ್ 14ಕ್ಕೆ ಬಿದ್ದರೆ, 2024ರಲ್ಲಿ ನವೆಂಬರ್ 2ಕ್ಕೆ, 2025ರಲ್ಲಿ ಅಕ್ಟೋಬರ್ 22ಕ್ಕೆ ಬಿತ್ತು. ನವೆಂಬರಿನ ಪಟ್ಟಿ ಕಟ್ಟುವವನಿಗೆ ಅಂಟಿಗೆ-ಪಂಟಿಗೆ ಒಂದು ವರ್ಷ ಸಕಾಲಿಕ, ಇನ್ನೊಂದು ವರ್ಷ ಹಳಸಲು. ಇದು ಸಣ್ಣ ತಾಂತ್ರಿಕ ವಿಷಯವೆಂದು ತೋರಬಹುದು. ಆದರೆ ಹೊಸತನವನ್ನೇ ಅರ್ಹತೆಯೆಂದು ಬಗೆಯುವ ವ್ಯವಸ್ಥೆಯಲ್ಲಿ ವರ್ಷಕ್ಕೆ ಮೂರು ರಾತ್ರಿ ಹಾಡಿ ಉಳಿದ ದಿನ ಸುಮ್ಮನಿರುವ ತಂಡ ನಿಷ್ಕ್ರಿಯ ತಂಡವೆಂದೇ ಗಣನೆಯಾಗುತ್ತದೆ. ಹಿಂದಿನ 12 ತಿಂಗಳುಗಳಲ್ಲಿ ಕನಿಷ್ಠ 1000 ಬಾರಿ ಕೇಳಿಸಿಕೊಳ್ಳದ ಹಾಡಿಗೆ ಸಂಭಾವನೆಯ ಲೆಕ್ಕವನ್ನೇ ಇಡುವುದಿಲ್ಲ ಎಂಬ ನಿಯಮವನ್ನು ಸ್ಪಾಟಿಫೈ 2024ರ ಆರಂಭದಿಂದ ಜಾರಿಗೆ ತಂದಿತು. ಮನೆಯೊಂದರ ಮುಂದೆ ನಿಂತು, ಆ ಮನೆಗಾಗಿಯೇ ಹಾಡಿದ ಪದಕ್ಕೆ ಈ ಅಳತೆಗೋಲು ಹೇಗೆ ಹೊಂದೀತು? ಆ ಮನೆಯವರು ಕೊಟ್ಟ ಒಂದು ಸೇರು ಅಕ್ಕಿ ಯಾವ ಎಣಿಕೆಗೂ ಕಾಯದೆ ಕೊಟ್ಟದ್ದು.

ಸ್ವತಂತ್ರ ಗಾಯಕ ಎಂಬ ಪರಿಕಲ್ಪನೆಯನ್ನೂ ಇಲ್ಲಿ ಕೆದಕಿ ನೋಡಬೇಕು. ಮಾರುಕಟ್ಟೆಯ ಅರ್ಥದಲ್ಲಿ ಅಂಟಿಗೆ-ಪಂಟಿಗೆಯ ತಂಡ ಸಂಪೂರ್ಣ ಸ್ವತಂತ್ರ: ಕಂಪನಿಯಿಲ್ಲ, ಒಪ್ಪಂದವಿಲ್ಲ, ವ್ಯವಸ್ಥಾಪಕನಿಲ್ಲ. ಆದರೆ ಹಾಡನ್ನು ಅಂತರ್ಜಾಲಕ್ಕೆ ಏರಿಸುವ ನಮೂನೆಯಲ್ಲಿ ಕಲಾವಿದನ ಹೆಸರು, ಗೀತರಚನೆಕಾರ, ಸಂಗೀತ ಸಂಯೋಜಕ, ಪ್ರಕಾಶಕ ಎಂಬ ಅಂಕಣಗಳಿವೆ. ತಂಡ ಇವುಗಳಲ್ಲಿ ಯಾವುದನ್ನು ತುಂಬಬೇಕು? ‘ಪರಂಪರಾಗತ’ ಎಂದು ಬರೆದರೆ ಹಾಡು ಯಾರದ್ದೂ ಅಲ್ಲದ್ದಾಗುತ್ತದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಧ್ವನಿಮುದ್ರಣಕ್ಕೆ, ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷಗಳ ರಕ್ಷಣೆಯಿದೆ. ಕರ್ತೃವಿಲ್ಲದ ಜನಪದ ಹಾಡಿನ ಮೇಲೆ ಅದನ್ನು ಕಾಪಾಡಿಕೊಂಡು ಬಂದ ಊರಿಗೆ ಅಂಥ ಹಕ್ಕಿಲ್ಲ. ಹಾಡಿದವರಿಗಿಂತ ಮುದ್ರಿಸಿಕೊಂಡವರೇ ಗಟ್ಟಿ ನೆಲದ ಮೇಲೆ ನಿಲ್ಲುತ್ತಾರೆ. ಮನೆಯ ಅಂಗಳದಲ್ಲಿ ಮೊಬೈಲು ಹಿಡಿದು ಮುದ್ರಿಸಿಕೊಂಡ ಅತಿಥಿಯೊಬ್ಬ ಅದನ್ನು ತನ್ನ ಹೆಸರಿನಲ್ಲಿ ಏರಿಸಿದರೆ ಪಟ್ಟಿಯ ದೃಷ್ಟಿಯಲ್ಲಿ ಅವನೇ ಕಲಾವಿದ.

ಈ ವಿಷಯದಲ್ಲಿ ಆಕಾಶವಾಣಿಯ ಹಳೆಯ ಪದ್ಧತಿಯನ್ನು ನೆನೆಯಬೇಕು. 1965ರಲ್ಲಿ ಆರಂಭವಾದ ಭದ್ರಾವತಿ ಕೇಂದ್ರ ಈ ಸೀಮೆಯ ಕಿವಿಗೆ ಹತ್ತಿರದ್ದು. ಜಾನಪದ ಸಂಗೀತದ ಪ್ರಸಾರದ ಕೊನೆಗೆ ಉದ್ಘೋಷಕರು ಹೇಳುತ್ತಿದ್ದ ವಾಕ್ಯ ಎಲ್ಲರಿಗೂ ಪರಿಚಿತ: ಹಾಡಿದವರು ಇಂಥ ಊರಿನ ಇಂಥವರು ‘ಮತ್ತು ಸಂಗಡಿಗರು’. ಸಂಗಡಿಗರ ಹೆಸರುಗಳನ್ನು ಆ ಎರಡು ಪದ ನುಂಗಿಹಾಕಿದ್ದು ನಿಜ. ಆದರೂ ಹಾಡು ಒಬ್ಬನದಲ್ಲ ಎಂಬ ಸತ್ಯ, ಅದಕ್ಕೊಂದು ಊರಿದೆ ಎಂಬ ಸತ್ಯ ಅದರಲ್ಲಿ ಉಳಿದಿತ್ತು. ಪ್ಲೇಲಿಸ್ಟಿನ ಸಾಲಿನಲ್ಲಿ ಊರಿಗೆ ಜಾಗವೇ ಇಲ್ಲ.

ಅಕಾಡೆಮಿಗಳ ಪಟ್ಟಿಗಳೂ ಈ ವಿಮರ್ಶೆಯಿಂದ ಹೊರಗಿಲ್ಲ. ವಾರ್ಷಿಕ ಪ್ರಶಸ್ತಿಗಳ ಪ್ರಕಟಣೆಯಲ್ಲಿ ಹೆಸರು, ಜಿಲ್ಲೆ, ಕಲಾಪ್ರಕಾರ ಎಂಬ ಅಂಕಣಗಳಿರುತ್ತವೆ. ಅಲ್ಲಿಯೂ ಪ್ರಕಾರಕ್ಕೊಬ್ಬ, ಜಿಲ್ಲೆಗೊಬ್ಬ ಎಂಬ ಸಮತೋಲನ ನಡೆಯುತ್ತದೆ. ಅಲ್ಲಿಯೂ ಮೇಳವನ್ನು ಬಿಟ್ಟು ವ್ಯಕ್ತಿಯನ್ನು ಆರಿಸಬೇಕಾಗುತ್ತದೆ. ಇನ್ನೂ ಹಿಂದಕ್ಕೆ ಹೋದರೆ, 1931ರಲ್ಲಿ ಹಲಸಂಗಿಯ ಗೆಳೆಯರು ಹೊರತಂದ ‘ಗರತಿಯ ಹಾಡು’ ತನ್ನ ಹೆಸರಿನಲ್ಲೇ ಹಾಡುಗಾರ್ತಿಯನ್ನು ವ್ಯಕ್ತಿಯಾಗಿ ಅಲ್ಲ, ಮಾದರಿಯಾಗಿ ಗುರುತಿಸಿತು. ಆ ಸಂಕಲನದ ಹಿರಿಮೆಗೆ ಇದರಿಂದ ಕುಂದಿಲ್ಲ. ಆದರೆ ಹಾಡುವವರನ್ನು ಹೆಸರಿಲ್ಲದವರನ್ನಾಗಿಸಿದ ಹೊಣೆಯನ್ನು ಯಂತ್ರದ ಮೇಲಷ್ಟೇ ಹೊರಿಸುವುದು ಜಾನಪದ ವಿದ್ವತ್ತಿಗೆ ಶೋಭಿಸುವುದಿಲ್ಲ.

‘ಜಾನಪದ’ ಎಂಬ ಪದದ ಇಂದಿನ ಸ್ಥಿತಿಯೂ ಕುತೂಹಲಕರ. ಯೂಟ್ಯೂಬಿನಲ್ಲಿ ಈ ಪದವನ್ನು ಹುಡುಕಿದರೆ ಮೇಲೆದ್ದು ಬರುವುದು ಉತ್ತರ ಕರ್ನಾಟಕದ ಸಣ್ಣ ಸ್ಟುಡಿಯೋಗಳಲ್ಲಿ ಹೊಸದಾಗಿ ಕಟ್ಟಿದ ಪ್ರೇಮದ, ವಿರಹದ, ಟ್ರ್ಯಾಕ್ಟರ್-ಲಾರಿ ಚಾಲಕರ ಹಾಡುಗಳು. ವಿದ್ವಾಂಸರಲ್ಲಿ ಅನೇಕರು ಇವುಗಳನ್ನು ಜಾನಪದವೆಂದು ಒಪ್ಪಲಾರರು. ಆದರೆ ಹಾಡುವವರು ಮತ್ತು ಕೇಳುವವರು ಇಟ್ಟ ಹೆಸರೇ ದೇಶೀಯ ಪ್ರಕಾರ ಎಂಬ ತತ್ತ್ವವನ್ನು ಅಂಟಿಗೆ-ಪಂಟಿಗೆಯ ವಿಷಯದಲ್ಲಿ ಎತ್ತಿಹಿಡಿದು, ಇವರ ವಿಷಯದಲ್ಲಿ ಕೈಬಿಡುವುದು ಹೇಗೆ? ಇವರು ನಿಜವಾದ ಅರ್ಥದಲ್ಲಿ ಸ್ವತಂತ್ರ ಗಾಯಕರು. ಬೆಂಗಳೂರಿನ ಕ್ಯಾಸೆಟ್ ಕಂಪನಿಗಳ ಬಾಗಿಲು ಕಾಯದೆ ತಮ್ಮ ಕೇಳುಗರನ್ನು ತಾವೇ ಗಳಿಸಿಕೊಂಡವರು. ಅವರ ಹೆಸರನ್ನು ಕಿತ್ತುಕೊಳ್ಳುವ ಅಧಿಕಾರ ಯಾರಿಗೂ ಇಲ್ಲ. ಸಮಸ್ಯೆಯಿರುವುದು ಒಂದೇ ಪದದಡಿ ಎಲ್ಲವನ್ನೂ ತುಂಬುವ ಪಟ್ಟಿಯಲ್ಲಿ. ಹೆಚ್ಚು ಕೇಳಿದ್ದು ಮೇಲಕ್ಕೆ ಬರುವಾಗ ಮಲೆನಾಡಿನ ಪದ ತಳಕ್ಕೆ ಇಳಿಯುತ್ತದೆ. ಇದರ ಜೊತೆಗೆ ಕಾಗುಣಿತದ ಕಾಟ ಬೇರೆ: ಅಂಟಿಗೆ-ಪಂಟಿಗೆ, ಅಂಟಿಕೆ-ಪಂಟಿಕೆ, ಅಂಟಿಗೆ-ಪಿಂಟಿಗೆ ಎಂಬ ಪಾಠಾಂತರಗಳು ಕನ್ನಡದಲ್ಲೇ ಇರುವಾಗ, ರೋಮನ್ ಲಿಪಿಯಲ್ಲಿ ಅವು ಇನ್ನಷ್ಟು ಕವಲೊಡೆದು ಒಂದನ್ನೊಂದು ಕಾಣದಾಗುತ್ತವೆ.

ಪಟ್ಟಿ ಎಂಬುದೇ ತ್ಯಾಜ್ಯವೆಂದು ಇದರ ಅರ್ಥವಲ್ಲ. ಬ್ಯಾಂಡ್‌ಕ್ಯಾಂಪ್ ತಾಣದ ಪತ್ರಿಕಾ ವಿಭಾಗ 2016ರಿಂದ ನಡೆಸಿಕೊಂಡು ಬಂದಿರುವ ಮಾಸಿಕ ಪ್ರಕಾರ-ಅಂಕಣಗಳು ಬೇರೆಯೇ ಮಾದರಿಯವು. ಅಲ್ಲಿ ಒಂದು ಪ್ರಕಾರವನ್ನು ಬಲ್ಲ ಬರಹಗಾರ ಆ ತಿಂಗಳು ತಾನು ಕೇಳಿದ್ದರಲ್ಲಿ ಕೆಲವನ್ನು ಆರಿಸಿ, ಕಲಾವಿದ ಯಾವ ಊರಿನವನು, ಯಾವ ಪರಂಪರೆಯಿಂದ ಬಂದವನು, ಏಕೆ ಕೇಳಬೇಕು ಎಂದು ನಾಲ್ಕು ಮಾತು ಬರೆದು ತನ್ನ ಹೆಸರು ಹಾಕುತ್ತಾನೆ. ಕ್ಷೇತ್ರಕಾರ್ಯದ ಟಿಪ್ಪಣಿಗೆ ಇದು ತೀರ ದೂರದ್ದಲ್ಲ. ಇದಕ್ಕೆ ವಿರುದ್ಧವಾಗಿ, ಸಾವಿರಾರು ಪ್ರಕಾರಗಳನ್ನು ಒಂದೇ ನಕ್ಷೆಯಲ್ಲಿ ಹರಡಿ ತೋರಿಸುತ್ತಿದ್ದ ‘ಎವ್ರಿ ನಾಯ್ಸ್ ಅಟ್ ಒನ್ಸ್’ ಎಂಬ ಸಾಹಸ, ಅದರ ಕರ್ತೃ ಗ್ಲೆನ್ ಮೆಕ್‌ಡೊನಾಲ್ಡ್ 2023ರ ಡಿಸೆಂಬರಿನಲ್ಲಿ ಸ್ಪಾಟಿಫೈಯಿಂದ ಕೆಲಸ ಕಳೆದುಕೊಂಡ ಮೇಲೆ ಹೊಸ ಮಾಹಿತಿಯಿಲ್ಲದೆ ನಿಂತುಹೋಯಿತು. ಕೋಟಿಗಟ್ಟಲೆ ಹಾಡುಗಳ ವಿಂಗಡಣೆಯ ಹಿಂದೆಯೂ ಕೊನೆಗೆ ಬೆರಳೆಣಿಕೆಯ ಮನುಷ್ಯರ ಕಿವಿಯಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಮಲೆನಾಡಿನ ಸಂದರ್ಭದಲ್ಲಿ ಒಂದು ತುರ್ತೂ ಇದೆ. ಗದ್ದೆಗಳು ಅಡಿಕೆ ತೋಟಗಳಾಗುತ್ತಿರುವಲ್ಲೆಲ್ಲ ನಾಟಿಯ ಪದಕ್ಕೆ ಅದರ ತಿಂಗಳೇ ಇಲ್ಲವಾಗುತ್ತಿದೆ. ಕಾಲವೇ ಪ್ರಕಾರವಾಗಿರುವಲ್ಲಿ ಕಾಲ ಹೋದರೆ ಪದಕ್ಕೆ ಉಳಿಯುವುದು ಭಂಡಾರ ಅಥವಾ ಪ್ಲೇಲಿಸ್ಟ್, ಎರಡೇ. ಅದು ‘ಶ್ರಮಗೀತೆ’ ಎಂಬ ಚೀಟಿ ಹೊತ್ತು ಅಲ್ಲಿಗೆ ಹೋದರೆ ಕೆಸರಿನಲ್ಲಿ ಬಾಗಿ ಹಾಡಿದ ಹೆಂಗಸರ ಹೆಸರು, ಊರು, ಗದ್ದೆ ಯಾವುದೂ ಜೊತೆಗೆ ಹೋಗುವುದಿಲ್ಲ. ಆದ್ದರಿಂದ ಇಂಥ ಹಾಡನ್ನು ಏರಿಸುವ ಸಂಸ್ಥೆಗಳು, ಅಕಾಡೆಮಿಯೂ ಸೇರಿದಂತೆ, ಪ್ರಕಾರದ ಅಂಕಣದ ಪಕ್ಕದಲ್ಲಿ ಹಾಡುವವರೇ ಬಳಸುವ ಹೆಸರು, ಊರು, ಸಂದರ್ಭ, ಚಾಂದ್ರಮಾಸ ಮತ್ತು ಸಂಗಡಿಗರೆಲ್ಲರ ಹೆಸರುಗಳನ್ನು ಹಾಡಿನ ವಿವರಣೆಯಲ್ಲಿ ಕನ್ನಡ ಲಿಪಿಯಲ್ಲೇ ದಾಖಲಿಸಬೇಕು. ಪಾಠಾಂತರಗಳನ್ನೆಲ್ಲ ಹುಡುಕುಪದಗಳಾಗಿ ಸೇರಿಸಬೇಕು. ಬಿಡುಗಡೆಯ ದಿನಾಂಕವನ್ನು ತಂಡದವರನ್ನು ಕೇಳಿಯೇ ಗೊತ್ತುಮಾಡಬೇಕು. ದೀಪ ಹಚ್ಚದೆ, ಹಬ್ಬ ಬಾರದೆ ಹಬ್ಬದ ಪದ ಎತ್ತಲು ಹಿಂಜರಿಯುವ ಹಿರಿಯರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ.