ಟಿಕ್ ಅಂದದ್ದು ಯಾರು?

ಮೊನ್ನೆ ಔಷಧಿ ಅಂಗಡಿಯೊಂದರಲ್ಲಿ ಒಂದು ಸದ್ದು ಕೇಳಿತು. ಕೌಂಟರಿನ ಹುಡುಗ ಚೀಟಿ ಓದುತ್ತಿದ್ದ, ಮೌಸ್ ಯಾರ ಕೈಯಲ್ಲೂ ಇರಲಿಲ್ಲ. ಆದರೂ ಕಂಪ್ಯೂಟರು ಅರ್ಧ ನಿಮಿಷಕ್ಕೊಮ್ಮೆ ‘ಟಿಕ್’ ಎನ್ನುತ್ತಿತ್ತು. ಆ ಸದ್ದಿನ ಗುರುತು ಹಿಡಿಯಲು ಪರದೆ ನೋಡಬೇಕಿಲ್ಲ. ಅದು ಇಂಟರ್ನೆಟ್ ಎಕ್ಸ್‌ಪ್ಲೋರರ್ ಪುಟ ಬದಲಿಸುವಾಗ ಮಾಡುವ ಸದ್ದು. ಆ ಬ್ರೌಸರ್ 2022ರ ಜೂನ್ 15ರಂದು ನಿವೃತ್ತವಾಯಿತು. ಬೇರೆ ತಂತ್ರಾಂಶಗಳೊಳಗೆ ಪುಟ ತೋರಿಸುವ ಅದರ ಭಾಗ, ವೆಬ್‌ಬ್ರೌಸರ್ ಕಂಟ್ರೋಲ್, ಮಾತ್ರ ಇಂಥ ಹಳೆಯ ತಂತ್ರಾಂಶಗಳ ಹೊಟ್ಟೆಯೊಳಗೆ ಇನ್ನೂ ಬದುಕಿದೆ.

ಬ್ರೌಸರಿನೊಳಗೆ ಆ ಟಿಕ್‌ಗೆ ಅರ್ಥವಿತ್ತು. ಕೊಂಡಿ ಒತ್ತಿದಿರಿ, ಪುಟ ಬರುವುದು ನಿಧಾನ. ಒತ್ತಿದ್ದು ತಲುಪಿತು ಎಂದು ಅದು ತಿಳಿಸುತ್ತಿತ್ತು. ಅದೇ ಬ್ರೌಸರನ್ನು ಬೇರೊಂದು ತಂತ್ರಾಂಶದೊಳಗೆ ಕೂರಿಸಿದರೆ ಪುಟ ಬದಲಿಸುವುದು ನಿಮ್ಮ ಬೆರಳಲ್ಲ, ಟೈಮರು. ಅದಕ್ಕೂ ಟಿಕ್ ಎನ್ನುತ್ತದೆ. ನಾನು ಕೊಡದ ದುಡ್ಡಿಗೆ ನನ್ನ ಕೈಗೆ ರಸೀದಿ ಬಂದಂತೆ.

ಇದಕ್ಕೆ ಬಹಳ ಮಂದಿ ಮಾಡುತ್ತಿದ್ದ ಮದ್ದಿನ ಮೇಲೆ ನನಗೆ ಹಳೆಯ ಸಿಟ್ಟಿದೆ. ವಿಂಡೋಸ್ ರಿಜಿಸ್ಟ್ರಿಯೊಳಗೆ ಹೋಗಿ ನ್ಯಾವಿಗೇಟಿಂಗ್ ಎಂಬ ಹೆಸರಿನ ಸದ್ದನ್ನೇ ಖಾಲಿ ಮಾಡುವುದು. ನೆಗಡಿಗೆ ಮೂಗು ಕೊಯ್ದುಕೊಂಡ ಹಾಗೆ, ಅದೂ ಇನ್ನೊಬ್ಬರ ಮೂಗು! ಆ ಸೆಟ್ಟಿಂಗ್ ಬಳಕೆದಾರನದು. ತಂತ್ರಾಂಶ ಮುಚ್ಚಿದ ಮೇಲೂ ಅವನ ಯಂತ್ರ ಮೂಕವಾಗಿಯೇ ಉಳಿಯುತ್ತದೆ. ಪರದೆ ಕಾಣದವರಿಗೆ ಪುಟ ಕದಲಿತು ಎಂಬ ಸುದ್ದಿಯೇ ಆ ಟಿಕ್. ಅದನ್ನು ಕಿತ್ತುಕೊಳ್ಳಲು ಬಿಲ್ಲಿಂಗ್ ತಂತ್ರಾಂಶಕ್ಕೆ ಏನು ಹಕ್ಕು? ಇಂಟರ್ನೆಟ್ ಎಕ್ಸ್‌ಪ್ಲೋರರ್ 7ರಿಂದಲೇ ನೇರ ದಾರಿಯಿದೆ: ಯುಆರ್‌ಎಲ್‌ಮಾನ್ ಲೈಬ್ರರಿಯ ಒಂದು ಫಂಕ್ಷನ್ ಕರೆದು 21ನೇ ಫೀಚರನ್ನು ಆನ್ ಮಾಡಿದರೆ ಆ ಒಂದು ಪ್ರೊಸೆಸ್‌ನಲ್ಲಷ್ಟೇ ಟಿಕ್ ನಿಲ್ಲುತ್ತದೆ. ಒಂದೇ ಸಾಲಿನ ಕೆಲಸ.

ಈ ಸಿಟ್ಟು ಬಂದಾಗಲೆಲ್ಲ ನಾನು ಹಿಂದಿರುಗುವುದು ವಿಲಿಯಂ ಗೇವರ್ 1989ರಲ್ಲಿ ಪ್ರಕಟಿಸಿದ ಸಾನಿಕ್‌ಫೈಂಡರ್ ಲೇಖನಕ್ಕೆ. ಆಪಲ್ ಮ್ಯಾಕಿಂಟಾಷ್‌ನಲ್ಲಿ ಫೈಲುಗಳನ್ನು ನಿಭಾಯಿಸುವ ಫೈಂಡರಿಗೆ ಅವರು ಸದ್ದು ಕೊಟ್ಟರು. ಫೈಲು ಆರಿಸಿದರೆ ಏನನ್ನೋ ತಟ್ಟಿದ ಸದ್ದು. ಫೈಲು ದೊಡ್ಡದಾದಷ್ಟೂ ಸದ್ದು ತಗ್ಗು. ಎಳೆದರೆ ನೆಲಕ್ಕೆ ಉಜ್ಜಿದಂತೆ. ನಕಲು ಮಾಡುವಾಗ ಪಾತ್ರೆಗೆ ನೀರು ಸುರಿಯುವ ಸದ್ದು, ಕೆಲಸ ಮುಗಿಯುತ್ತ ಬಂದಂತೆ ಸ್ವರ ಏರುತ್ತದೆ. ಬೀದಿ ನಲ್ಲಿಯಡಿ ಕೊಡ ಇಟ್ಟು ಪಕ್ಕದವರೊಡನೆ ಮಾತಿಗಿಳಿದವರನ್ನು ನೋಡಿದ್ದೀರಲ್ಲ? ಕೊಡದತ್ತ ನೋಡದೆಯೇ ಕಂಠದವರೆಗೆ ನೀರು ಬಂದ ಕ್ಷಣ ಕೈ ನಲ್ಲಿಗೆ ಹೋಗುತ್ತದೆ. ಆ ವಿದ್ಯೆಯನ್ನು ಯಾರೂ ಕಲಿಸಿರುವುದಿಲ್ಲ.

ಅದೇ ವರ್ಷ, ಗೇವರ್ ಲೇಖನ ಬಂದ ಪತ್ರಿಕೆಯಲ್ಲೇ ಮೀರಾ ಬ್ಲಾಟ್ನರ್ ಮತ್ತು ಸಂಗಡಿಗರು ಇಯರ್‌ಕಾನ್ ಮಂಡಿಸಿದರು: ಪುಟ್ಟ ಸ್ವರಗುಚ್ಛಗಳು, ಒಂದೊಂದಕ್ಕೂ ಗೊತ್ತುಮಾಡಿದ ಒಂದು ಅರ್ಥ. ಚೊಕ್ಕ ವ್ಯವಸ್ಥೆ, ಆದರೆ ಕಂಠಪಾಠ ಮಾಡಬೇಕು. ಇಂದಿನ ಆ್ಯಪ್‌ಗಳ ಟಿಂಗ್, ಟುಂಗ್‌ಗಳೆಲ್ಲ ಆ ಮನೆತನದವು. ನನ್ನ ಮತ ನಲ್ಲಿಯಡಿಯ ಕೊಡಕ್ಕೆ.

ಹಳೆಯ ವೆಬ್‌ಬ್ರೌಸರ್ ಕಂಟ್ರೋಲ್‌ನ ಜಾಗಕ್ಕೆ ಬಂದ ಹೊಸ ವೆಬ್‌ವ್ಯೂ2ರಲ್ಲಿ ಟಿಕ್ ಇಲ್ಲ. ಪುಟ ಸದ್ದು ಮಾಡುತ್ತಿದೆಯೇ ಎಂದು ಆತಿಥೇಯ ತಂತ್ರಾಂಶ ಕೇಳಿ ತಿಳಿಯಬಹುದು, ಬೇಕೆಂದರೆ ಆ ವೆಬ್‌ವ್ಯೂ ಒಂದನ್ನೇ ಮ್ಯೂಟ್ ಮಾಡಬಹುದು. ಹಕ್ಕು ಸರಿಯಾದ ಕೈಗೆ ಬಂದಿದೆ. ಆದರೆ ನಾನು ಕಂಡ ತಂಡಗಳು ಮೊದಲ ದಿನವೇ ಮ್ಯೂಟ್ ಒತ್ತಿ ಮರೆತುಬಿಡುತ್ತವೆ. ಬಿಲ್ ಉಳಿಯಿತೇ, ಸಂಪರ್ಕ ತಪ್ಪಿತೇ ಎಂದು ಕೌಂಟರಿನ ಹುಡುಗನಿಗೆ ಕಿವಿಯಿಂದಲೇ ತಿಳಿಯಬಹುದಿತ್ತು. ಅವನ ಕಣ್ಣು ವೈದ್ಯರ ಕೈಬರಹದ ಮೇಲಿರುತ್ತದೆ. ಆ ಅಂಗಡಿಯ ತಂತ್ರಾಂಶ ಬರೆದವರ ನಂಬರು ಇಸಿದುಕೊಂಡು ಬಂದಿದ್ದೇನೆ. ಸೋಮವಾರ ಮಾತಾಡುತ್ತೇನೆ.